ರಾಜ್ಯೋತ್ಸವಕ್ಕೆ ‘ಕನೆಕ್ಟ್’ ಆಗದ ರೊಸ್ತೋವ್ ರಂಗಮಂದಿರ

ಮಾನ್ಯ ಸಾಂಸ್ಕೃತಿಕ ಕಾರ್ಯದರ್ಶಿಗಳೇ,

ಈ ಸಲದ ಕನ್ನಡ ರಾಜ್ಯೋತ್ಸವದಲ್ಲಿ ಶ್ರೀಮತಿ ವಾಸಂತಿಯವರ ಭಾಷಣ ಬೇಡವೆಂದು ತಾವು ತೀರ್ಮಾನಿಸಿದ್ದೀರಿ. ವಿಷಯ, ರಷ್ಯಾದ ರೊಸ್ತೋವ್ ನಗರದ ಚೌಕಗಳು ಮತ್ತು ರಂಗಮಂದಿರಗಳು. ಕಾರಣ, ಅದು ಕನ್ನಡಕ್ಕೆ ಸಂಬಂಧಿಸಿದ್ದಲ್ಲ. ಭಾಷಣ ಕನ್ನಡದಲ್ಲಿರುತ್ತದೆ ಎಂಬ ಸಣ್ಣ ಸಂಗತಿ ತಮ್ಮ ಗಮನಕ್ಕೆ ಬಂದಂತಿಲ್ಲ. ಮೆಲ್ಬರ್ನಿನ ನಮ್ಮ ಸಂಘದ ವೇದಿಕೆಯಲ್ಲಿ ಅಂಥದ್ದು ನಡೆಯುವುದೇ ಅಪರೂಪವಾದ್ದರಿಂದ ತಮ್ಮನ್ನು ದೂರುವಂತಿಲ್ಲ.

ವಾಸಂತಿಯವರು ಚಿತ್ರದುರ್ಗದವರು, ಈಗ ಇದೇ ಊರಿನ ಕ್ರಾನ್‌ಬರ್ನ್ ಬಡಾವಣೆಯ ನಿವಾಸಿ. ಎಂಬತ್ತರ ದಶಕದಲ್ಲಿ ವಿದ್ಯಾರ್ಥಿವೇತನ ಪಡೆದು ರೊಸ್ತೋವ್‌ಗೆ ಹೋಗಿ ಕಟ್ಟಡ ವಿನ್ಯಾಸ ಓದಿದರು. ವಿದ್ಯೆ ಕಲಿತದ್ದು ರಷ್ಯನ್ನಿನಲ್ಲಿ, ದುಡಿದದ್ದು ಇಂಗ್ಲಿಷಿನಲ್ಲಿ. ತಮ್ಮ ಕಸುಬಿನ ಬಗ್ಗೆ ಕನ್ನಡದಲ್ಲಿ ನಾಲ್ಕು ಜನರ ಮುಂದೆ ಮಾತಾಡುವ ಸಂದರ್ಭ ಅವರಿಗೆ ಒಮ್ಮೆಯೂ ಬರಲಿಲ್ಲ. ಈ ಡಿಸೆಂಬರಿನಲ್ಲಿ ದಂಪತಿ ಮಗಳ ಮನೆಯ ಹತ್ತಿರ, ಸಿಡ್ನಿಯ ರೌಸ್ ಹಿಲ್‌ಗೆ ಹೋಗಿ ನೆಲೆಸುತ್ತಿದ್ದಾರೆ. ಹೋಗುವ ಮುನ್ನ ಇಷ್ಟು ವರ್ಷ ಜೊತೆಗಿದ್ದವರಿಗೆ ಒಮ್ಮೆ ಹೇಳಿಬಿಡೋಣ ಎಂದು ಆಸೆಪಟ್ಟರು. ತಪ್ಪು ಅಷ್ಟೇ.

ತಾವು ಅವರಿಗೆ ಫೋನ್ ಮಾಡಿದಾಗ ನಾನು ಅವರ ಮನೆಯಲ್ಲೇ ಕಾಫಿ ಕುಡಿಯುತ್ತಿದ್ದೆ. ಸ್ಪೀಕರ್ ಹಾಕಿದ್ದರು.

“ಆಂಟಿ, ಟಾಪಿಕ್ ಸೂಪರ್. ಬಟ್ ರಾಜ್ಯೋತ್ಸವಕ್ಕೆ ಕನೆಕ್ಟ್ ಆಗಲ್ಲ. ಅದೂ ಅಲ್ದೆ ರಷ್ಯಾ ಅಂದ್ರೆ ಈಗ ಸ್ವಲ್ಪ ಸೆನ್ಸಿಟಿವ್. ನೀವು ಒಬ್ಬಟ್ಟಿನ ಡೆಮೊ ಕೊಡ್ಬಹುದಲ್ಲ?”

“ನಂಗೆ ಒಬ್ಬಟ್ಟು ಬರಲ್ಲಪ್ಪ. ನಮ್ಮನೇಲಿ ಅದು ಶ್ರೀಕಂಠಯ್ಯನವ್ರ ಡಿಪಾರ್ಟ್‌ಮೆಂಟು.”

“ಹಾಗಾದ್ರೆ ಅಂಕಲ್‌ನೇ ಬುಕ್ ಮಾಡ್ತೀನಿ, ಆಂಟಿ!”

ಪತಿ ಶ್ರೀಕಂಠಯ್ಯನವರು ಅಡುಗೆಮನೆಯಿಂದಲೇ, “ನಿನ್ನ ಟ್ರಾಕ್ಟರ್ ಸ್ಟೇಜ್ ಹತ್ತಿದ್ರೆ ನನ್ನ ಒಬ್ಬಟ್ಟೂ ಹತ್ತುತ್ತೆ ಅಂತ ಹೇಳು” ಎಂದರು. ಅಷ್ಟರಲ್ಲಿ ತಾವು ಫೋನ್ ಇಟ್ಟಾಗಿತ್ತು. ಆದ್ದರಿಂದ ಈ ಮೂಲಕ ತಿಳಿಸುತ್ತಿದ್ದೇನೆ.

ಟ್ರಾಕ್ಟರ್ ಎಂದರೆ ರೊಸ್ತೋವ್‌ನ ದೊಡ್ಡ ರಂಗಮಂದಿರ. ಸಾವಿರದ ಒಂಬೈನೂರ ಮೂವತ್ತರ ದಶಕದಲ್ಲಿ ಅದನ್ನು ಟ್ರಾಕ್ಟರಿನ ಆಕಾರದಲ್ಲಿಯೇ ಕಟ್ಟಿದರು. ನಡುವೆ ಬಿಳಿಯ ಭಾರೀ ಒಡಲು, ಎರಡು ಪಕ್ಕಗಳಲ್ಲಿ, ಯುದ್ಧಟ್ಯಾಂಕಿಗಿರುವಂಥ ಪಟ್ಟಿಚಕ್ರಗಳ ಹಾಗೆ, ಗಾಜಿನ ಮೆಟ್ಟಿಲುಗೋಪುರಗಳು. ಹಿಂದೆ ರೊಸ್ತೋವ್‌ಗೂ ಆರ್ಮೇನಿಯನ್ನರು ನೆಲೆಸಿದ್ದ ನಖಿಚೆವಾನ್ ಎಂಬ ನೆರೆಯೂರಿಗೂ ನಡುವೆ ಬರೀ ಬಯಲಿತ್ತು. ಎರಡೂ ಊರುಗಳು ಒಂದಾದ ಮೇಲೆ ಆ ಬಯಲಲ್ಲಿ ಒಂದು ಚೌಕ, ಚೌಕದಲ್ಲಿ ಈ ರಂಗಮಂದಿರ. ಸಿಡ್ನಿ ಮೆಲ್ಬರ್ನ್‌ಗಳ ಪೈಪೋಟಿ ಬಗೆಹರಿಯದೆ ನಡುವೆ ಒಂದು ರಾಜಧಾನಿ ಕಟ್ಟಿಕೊಂಡ ದೇಶದಲ್ಲಿ ಕುಳಿತ ನಮಗೆ ಇದು ಅರ್ಥವಾಗದೇ? ವ್ಯತ್ಯಾಸವಿಷ್ಟೇ, ರೊಸ್ತೋವ್‌ನಲ್ಲಿ ನಾಟಕ ಟಿಕೆಟ್ ಕೊಂಡವರಿಗೆ ಮಾತ್ರ, ನಮ್ಮ ರಾಜಧಾನಿಯ ಸಂಸತ್ತಿನಲ್ಲಿ ಎಲ್ಲರಿಗೂ ಪುಕ್ಕಟೆ.

ಇನ್ನು ‘ಸೆನ್ಸಿಟಿವ್’ ಮಾತು. ಎರಡನೆಯ ಮಹಾಯುದ್ಧದಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಆ ರಂಗಮಂದಿರವನ್ನು ಸಿಡಿಸಿತು. ಇಪ್ಪತ್ತು ವರ್ಷಗಳ ಮೇಲೆ, ಪ್ರೇಕ್ಷಕಾಂಗಣವನ್ನು ಚಿಕ್ಕದು ಮಾಡಿ, ಮತ್ತೆ ಕಟ್ಟಿದರು. ವಾಸಂತಿಯವರ ಭಾಷಣದಲ್ಲಿ ಅತಿ ಉದ್ದದ ಭಾಗ ಇದೇ. ರಷ್ಯಾ ಮತ್ತೆ ಯುದ್ಧದಲ್ಲಿರುವ ಈ ಕಾಲದಲ್ಲಿ ಇದನ್ನು ಹೇಳಬಾರದೆಂದರೆ ಇನ್ಯಾವ ಕಾಲದಲ್ಲಿ ಹೇಳಬೇಕೆಂದು ಸಮಿತಿ ದಯವಿಟ್ಟು ಸೂಚಿಸಲಿ.

ಬಾಕ್ಸ್ ಹಿಲ್‌ನ ನಮ್ಮ ಮನೆಯಲ್ಲಿ ಅವರು ಒಮ್ಮೆ ಅಭ್ಯಾಸ ಮಾಡಿದರು. ನಡುವೆ ತಡವರಿಸಿದರು.

“ನಾಟಕಕ್ಕೆ ಮುಂಚೆ ಜನ ಸೇರೋ ಜಾಗ... ಫಾಯೇ... ಅದಕ್ಕೇನಂತಾರೆ?”

“ಮೊಗಸಾಲೆ ಅನ್ನಿ” ಎಂದಳು ನನ್ನ ಹೆಂಡತಿ ಮಧುರಾ.

“ಅಯ್ಯೋ, ಮೊಗಸಾಲೆ! ಜೀವಮಾನವೆಲ್ಲ ಅದನ್ನೇ ಗೀಚಿದೀನಿ ಕಣೇ, ಹೆಸರು ಗೊತ್ತಿಲ್ದೆ!”

ಆಮೇಲೆ ಅವರು ನಿಲ್ಲಲಿಲ್ಲ. ಮೊಗಸಾಲೆ, ಮೊಗಸಾಲೆಯಿಂದ ಮೆಟ್ಟಿಲು, ಮೆಟ್ಟಿಲಿನ ಗಾಜಿನಾಚೆ ಕಾಣುವ ಚೌಕ, ಎಲ್ಲ ಕಡೆಯೂ ನಮ್ಮನ್ನು ಕನ್ನಡದಲ್ಲೇ ಹತ್ತಿಸಿ ಇಳಿಸಿದರು. ನಾನು ರೊಸ್ತೋವ್ ನೋಡಿದವನಲ್ಲ. ಈಗ ಅಲ್ಲಿ ದಾರಿ ತಪ್ಪಲಾರೆ.

ಕನ್ನಡದಲ್ಲಿ ಕನ್ನಡದ ಹಿರಿಮೆಯನ್ನಷ್ಟೇ ಹೇಳಬೇಕು, ಉಳಿದ ಲೋಕವನ್ನೆಲ್ಲ ಇಂಗ್ಲಿಷಿಗೆ ಬಿಟ್ಟುಕೊಡಬೇಕು ಎಂಬ ನಿಯಮ ನಮ್ಮ ಬೈಲಾದಲ್ಲಿ ಎಲ್ಲಿದೆ? ಹೋದ ವರ್ಷ ಇದೇ ವೇದಿಕೆಯಲ್ಲಿ, ತಾಯಿ ಭುವನೇಶ್ವರಿಯ ಪಟದ ಕೆಳಗೆ ನಿಂತು, ಮಾರ್ಟ್‌ಗೇಜ್ ಬ್ರೋಕರ್ ಒಬ್ಬರು ಬಡ್ಡಿದರದ ಬಗ್ಗೆ ಇಂಗ್ಲಿಷಿನಲ್ಲಿ ಉಪನ್ಯಾಸ ಕೊಟ್ಟರು. ಅದು ಕನೆಕ್ಟ್ ಆಗಿತ್ತು. ಅದಕ್ಕೂ ಹಿಂದಿನ ವರ್ಷ ನಮ್ಮ ಸ್ಮರಣ ಸಂಚಿಕೆಯ ಮುಖಪುಟದಲ್ಲಿ ಹಂಪಿಯ ಪಕ್ಕ ಸಿಡ್ನಿಯ ಆಪೆರಾ ಹೌಸ್ ಇತ್ತು. ಅದರ ವಿನ್ಯಾಸ ಡೆನ್ಮಾರ್ಕಿನವರದು. ಚಿತ್ರ ಹಾಕಬಹುದು, ಮಾತಾಡಬಾರದು ಎಂದು ಈಗ ತಿಳಿಯಿತು.

ನನ್ನ ಬೇಡಿಕೆ ಒಂದೇ. ವಾಸಂತಿಯವರಿಗೆ ಇಪ್ಪತ್ತು ನಿಮಿಷ ಮತ್ತು ಒಂದು ಪ್ರೊಜೆಕ್ಟರ್ ಕೊಡಿ. ಊಟಕ್ಕೆ ಮೊದಲು ಕೊಡಿ, ಊಟದ ನಂತರ ನಮ್ಮವರ ಕನ್ನಡಾಭಿಮಾನ ಕಾರ್ ಪಾರ್ಕಿಂಗ್‌ನಲ್ಲಿರುತ್ತದೆ. ಆಹ್ವಾನ ಪತ್ರಿಕೆಯಲ್ಲಿ ವಿಷಯವನ್ನು ಪೂರ್ತಿ ಅಚ್ಚುಹಾಕಿ. ಕೇಳಲು ಯಾರೂ ಬರದಿದ್ದರೆ ಖಾಲಿ ಕುರ್ಚಿಗಳಿಗೆ ಅವರು ಹೇಳಿಕೊಳ್ಳಲಿ, ಅದನ್ನಾದರೂ ಕನ್ನಡದಲ್ಲಿ ಹೇಳಲಿ. “ನೆಕ್ಸ್ಟ್ ಇಯರ್ ನೋಡೋಣ” ಎಂದು ತಾವು ಸೌಜನ್ಯದಿಂದ ಹೇಳಬಹುದು. ಹೇಳಿಸಿಕೊಳ್ಳಲು ಆಗ ಅವರು ಈ ಊರಿನಲ್ಲಿರುವುದಿಲ್ಲ.

ಇಂತಿ,
ಸಂಘದ ಆಜೀವ ಸದಸ್ಯ, ಈ ಪತ್ರ ಅಚ್ಚಾಗುವವರೆಗಾದರೂ,
ಚಕ್ರಪಾಣಿ
ಬಾಕ್ಸ್ ಹಿಲ್