ಗುಬ್ಬಿಯ ಥರದ್ದು

ಮಾರ್ಚ್ ೪, ಬೆಳಿಗ್ಗೆ
ಮಗುವಾಗಲೆಂದು ಹೊಟ್ಟೆಗೆ ಇಂಜೆಕ್ಷನ್. ಎಡಗಡೆ ಪೂರ್ತಿ ನೀಲಿಗಟ್ಟಿದೆ. ಬಲಗಡೆ ಚುಚ್ಚಿಕೊಂಡೆ. ನಾದಿನಿ ಗುಬ್ಬಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.
"ನೋವಾಗುತ್ತಾ ಅತ್ತಿಗೆ?"
"ಇಲ್ಲ."
"ಸುಳ್ಳು." ಬಗ್ಗಿ ಆ ಜಾಗಕ್ಕೆ ಉಫ್ ಎಂದು ಊದಿದಳು.
ಮೂವತ್ತು ದಾಟಿದೆ ಅವಳಿಗೆ. ಡೌನ್ ಸಿಂಡ್ರೋಮ್. ಹೋಟೆಲಿನ ಲಾಂಡ್ರಿಯಲ್ಲಿ ಟವೆಲ್ ಮಡಿಸುತ್ತಾಳೆ. ಅತ್ತೆ ತೀರಿಕೊಂಡ ಮೇಲೆ ನಮ್ಮ ಜೊತೆಗೇ. ಹೊತ್ತಾಯಿತು, ಇಬ್ಬರೂ ಬಸ್ಸಿಗೆ ಓಡಬೇಕು.

ಮಾರ್ಚ್ ೧೩
ಅಂಡಾಣು ತೆಗೆದರು. ಮಂಪರು ಇನ್ನೂ ಇಳಿದಿಲ್ಲ. ಲೇಡಿ ಡಾಕ್ಟರ್ ಮತ್ತೆ ವಿವರಿಸಿದರು — ಭ್ರೂಣಗಳು ಕೆಲವು ದಿನ ಕ್ಲಿನಿಕ್ಕಿನ ಲ್ಯಾಬಿನಲ್ಲೇ ಬೆಳೆಯಬೇಕು. ಆಮೇಲೆ ಒಂದೊಂದರಿಂದ ನಾಲ್ಕಾರು ಜೀವಕೋಶ ತೆಗೆದು ಕ್ರೋಮೋಸೋಮ್ ಪರೀಕ್ಷೆ. ಸರಿಯಿದ್ದದ್ದನ್ನು ಮಾತ್ರ ಗರ್ಭದೊಳಗೆ ಇಡುವುದು.
ನಮ್ಮ ಯಜಮಾನರ ರಕ್ತದಲ್ಲೇ ಎರಡು ಕ್ರೋಮೋಸೋಮ್ ಒಂದಕ್ಕೊಂದು ಅಂಟಿಕೊಂಡಿವೆ. ಅದರಿಂದ ಇವರಿಗೇನೂ ಆಗಿಲ್ಲ. ತಂಗಿ ಗುಬ್ಬಿಗೆ ಆಯಿತು. ನನ್ನಲ್ಲಿ ಮೂರು ಸಲ ಗರ್ಭ ನಿಲ್ಲದೆ ಹೋದದ್ದೂ ಅದರಿಂದಲೇ ಅಂತೆ. ಡಾಕ್ಟರ ಮುಂದೆ ಇವರು ತಲೆ ತಗ್ಗಿಸಿ ಕೂತಿದ್ದರು. ಕೈ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಮಂಪರು…

ಮಾರ್ಚ್ ೨೦
ನಾಲ್ಕು ಉಳಿದಿವೆ. ಫ್ರೀಜ್ ಮಾಡಿಟ್ಟಿದ್ದಾರೆ. ರಿಪೋರ್ಟಿಗೆ ಕಾಯಬೇಕು.
ಕೆಲಸಕ್ಕೆ ಹೋದೆ, ಹಲ್ಲುಸೆಟ್ ಮಾಡುವ ಲ್ಯಾಬಿಗೆ. ಮೇಣದ ಮೇಲೆ ಕೆಳಸಾಲು ಕೂರಿಸಿದೆ. ಪಕ್ಕದ ಮೇಜಿನವಳು ಸಮಾಧಾನ ಹೇಳಿದಳು. "ಸ್ವಲ್ಪ ದಿನ ಹಲ್ಲು ಕಚ್ಕೊಂಡು ಇದ್ಬಿಡು."
"ಯಾರ ಹಲ್ಲು?" ಅಂದೆ.
ನಕ್ಕಳು. ನಾನೂ ನಕ್ಕಿರಬೇಕು.

ಏಪ್ರಿಲ್ ೩
ಡಾಕ್ಟರ್ ಫೋನ್. ಮೂರು ಉಳಿಯುವಂಥವೇ ಅಲ್ಲ. ನಾಲ್ಕನೆಯದು ಉಳಿಯಬಹುದು. ಆದರೆ ಇಪ್ಪತ್ತೊಂದನೇ ಕ್ರೋಮೋಸೋಮ್ ಒಂದು ಹೆಚ್ಚಿಗೆ.
"ಸಾಮಾನ್ಯವಾಗಿ ಇಂಥದ್ದನ್ನ ನಾವು ಇಡಲ್ಲಮ್ಮ. ಆದ್ರೆ ನಿಮ್ಮನೇಲಿ… ನೀವಿಬ್ರೂ ಯೋಚನೆ ಮಾಡಿ ಹೇಳಿ."
ಗುಬ್ಬಿಯ ಥರದ್ದು.
ಕೈಯಲ್ಲಿದ್ದ ಸೆಟ್ಟಿಗೆ ಪಾಲಿಶ್ ಹಿಡಿದು ಮುಗಿಸಿದೆ. ಚೆನ್ನಾಗಿ ಬಂತು.

ಏಪ್ರಿಲ್ ೪
ಇವರಿಗೆ ಹೇಳಿದೆ. ಪಾತ್ರೆ ತೊಳೆಯುತ್ತಿದ್ದವರು ಹಾಗೇ ನಿಂತರು. ನಲ್ಲಿ ಸುರಿಯುತ್ತಲೇ ಇತ್ತು. ಇಡಿಸೋಣ ಅನ್ನುತ್ತಾರೆ ಅಂದುಕೊಂಡಿದ್ದೆ. ಗುಬ್ಬಿಯನ್ನು ಯಾರಾದರೂ ದಿಟ್ಟಿಸಿದರೆ ಬಸ್ಸಿನಲ್ಲೇ ಜಗಳಕ್ಕೆ ನಿಲ್ಲುವ ಮನುಷ್ಯ.
"ಬೇಡ," ಅಂದರು. ನಲ್ಲಿ ನಿಲ್ಲಿಸಿ — "ಅವಳ ಹಾರ್ಟ್ ಆಪರೇಷನ್ ಆದಾಗ ಹೊರಗೆ ಅಮ್ಮನ ಜೊತೆ ಕೂತಿದ್ದೆ. ಇನ್ನೊಂದ್ಸಲ ಹಾಗೆ ಕೂರೋಕೆ ನನ್ನ ಕೈಲಾಗಲ್ಲ."
"ಅವಳು ಹುಟ್ಟಬಾರದಿತ್ತು ಅಂತಾನಾ?"
"ಹಾಗಂದ್ನಾ ನಾನು?"
ಹಾಗನ್ನಲಿಲ್ಲ. ಇಡಿಸುವ ಮನಸ್ಸು ನನಗೂ ಇರಲಿಲ್ಲ. ಬಾಯಿಬಿಟ್ಟು ಹೇಳುವ ಪಾಡು ಅವರದಾಯಿತು, ಅಷ್ಟೇ. ನಡುಮನೆಯಲ್ಲಿ ಗುಬ್ಬಿ ಟೀವಿಯ ಜೊತೆ ಹಾಡುತ್ತಿದ್ದಳು, ಜೋರಾಗಿ, ಶ್ರುತಿ ಬಿಟ್ಟು.

ಏಪ್ರಿಲ್ ೧೯
ಕ್ಲಿನಿಕ್ಕಿಗೆ ಹೋಗಿ ಹೇಳಿ ಬಂದೆವು. ಬೇಡ ಅಂತ. ನರ್ಸ್ "ಸರಿ ಮೇಡಂ" ಅಂದಳು. ಮುಗಿಯಿತು. ಹೊರಗೆ ಇವರು ಸ್ಕೂಟರಿನ ಕೀಗಾಗಿ ಜೇಬೆಲ್ಲ ತಡಕಾಡಿದರು. ಕೈಯಲ್ಲೇ ಇತ್ತು. ನಾನು ನೋಡುತ್ತಾ ನಿಂತಿದ್ದೆ.
ಇನ್ನೊಮ್ಮೆ ಪ್ರಯತ್ನ ಮಾಡಬಹುದು ಅಂದಿದ್ದಾರೆ ಡಾಕ್ಟರ್. 

ಮೇ ೨, ಸಂಜೆ
ಪಾಪು ಬರುತ್ತೆ ಅಂತ ಗುಬ್ಬಿ ಲಾಂಡ್ರಿಯಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದಾಳೆ. ಎಲ್ಲರೂ ಕೇಳುತ್ತಾರಂತೆ.
"ಯಾವಾಗ ಬರುತ್ತೆ ಅತ್ತಿಗೆ?"
"ಬರಲ್ಲ ಕಣೇ."
"ಯಾಕೆ?"
ಇವರು ಪೇಪರಿನ ಪುಟ ತಿರುಗಿಸಿದರು.
"ಪಾಪುಗೆ ಹುಷಾರಿರ್ಲಿಲ್ಲ," ಅಂದೆ.
ಗುಬ್ಬಿ ಯೋಚಿಸಿದಳು. ಅವಳು ಯೋಚಿಸುವಾಗ ಕೆಳತುಟಿ ಮುಂದೆ ಬರುತ್ತದೆ.
"ನಂಗೂ ಹುಷಾರಿರ್ಲಿಲ್ಲ ಅಲ್ವಾ ಅಣ್ಣ? ಆದ್ರೂ ಬಂದ್ನಲ್ಲ."
ದೂರೇನಲ್ಲ. ನಮಗೆ ಗೊತ್ತಿರಲಿ ಅನ್ನುವ ಹಾಗೆ ಹೇಳಿದಳು. ಆಮೇಲೆ ಶೂ ಬಿಚ್ಚಲು ಕೂತಳು. ಎದ್ದು ಅಡುಗೆಮನೆಗೆ ಹೋದೆ. ಇವರೂ ಹಿಂದೆಯೇ ಬಂದು ಬಾಗಿಲು ಮುಂದೆ ಮಾಡಿದರು. ಲೈಟ್ ಹಾಕಲಿಲ್ಲ. ಇಬ್ಬರೂ ಆ ಕತ್ತಲಲ್ಲಿ ಕೈ ಹಿಡಿದುಕೊಂಡು ನಿಂತೆವು.