ಎಲ್ಲವೂ ನೀಲಿ

ಮಾರ್ಚ್ 3, ಸೋಮವಾರ

ಹಾಲನ್ನು ಎರಡು ಸಲ ಮೂಸಿಯೇ ಕಾಫಿ ಮಾಡಿದೆ. ಅನುಮಾನದ ಪಿಶಾಚಿ ಎಂದು ಅಕ್ಕ ಅನ್ನುವುದು ಸುಮ್ಮನೆ ಅಲ್ಲ. ಲ್ಯಾಬಿನಲ್ಲಿ ಎಂದಿನ ಕೆಲಸ — ಬ್ಯಾಕ್ಟೀರಿಯಾ ಬೆಳೆಸು, ಒಡೆ, ಪ್ರೋಟೀನ್ ತೆಗೆ, ಟ್ಯೂಬು ತೊಳೆ.

ಮಧ್ಯಾಹ್ನ ಭಾವ ನಮ್ಮ ಕಾರಿಡಾರಿನಲ್ಲಿ ಕಂಡರು. ನನ್ನನ್ನು ನೋಡಲು ಬಂದವರಲ್ಲ. ಕಂಪ್ಯೂಟರ್ ರೂಮಿನ ಹುಡುಗ, ನಾವು ನೀಲಿರಾಯ ಅನ್ನುವವನ ಜೊತೆ ಗುಸುಗುಸು. ನಾನು ಕಾಣಿಸಿದ್ದೇ ಇಬ್ಬರೂ ಗಪ್‌ಚಿಪ್. ಏನೋ ಇದೆ.

ಮಾರ್ಚ್ 4, ಸಂಜೆ

ಅಕ್ಕನಿಗೆ ಫೋನ್ ಮಾಡಿದೆ, ಗೊತ್ತಾಯಿತು. ಪುಟ್ಟಿಯ ವಿಷಯ. ಅಕ್ಕನ ಮಗಳು, ಮೂರು ವರ್ಷ, ಈಚೆಗೆ ಮೆಟ್ಟಿಲು ಹತ್ತಲು ಸೋಲುತ್ತಾಳೆ. ಜೀನ್ ರಿಪೋರ್ಟ್ ಬಂದಿತ್ತು — ಒಂದು ಎಂಜೈಮಿನಲ್ಲಿ, ಅದೂ ಒಂದು ಪ್ರೋಟೀನೇ, ಒಂದೇ ಒಂದು ಅಕ್ಷರ ಬದಲಾಗಿದೆ, ಅದರಿಂದ ತೊಂದರೆಯೋ ಇಲ್ಲವೋ ಹೇಳಲಾಗದು ಎಂದು. ಎಂಜೈಮ್ ನಿಜಕ್ಕೂ ಕೆಲಸ ಮಾಡುತ್ತಿದೆಯೇ ನೋಡಲು ಮತ್ತೆ ರಕ್ತ ಕೊಡಿ, ಕೆಟ್ಟಿದ್ದರೆ ಔಷಧಿ ಬೇಗ ಶುರುವಾಗಬೇಕು ಎಂದಿದ್ದರು ಡಾಕ್ಟರು. ಹೋದ ಸಲ ನರ ಸಿಗದೆ ಮಗುವಿಗೆ ಕಂಡಕಂಡಲ್ಲಿ ಚುಚ್ಚಿದ್ದರು. ಭಾವನಿಗೆ ಅದನ್ನು ಮರೆಯಲು ಆಗಿಲ್ಲ.

ಅದಕ್ಕೇ ನೀಲಿರಾಯ. ಪ್ರೋಟೀನು ಅಮೈನೋ ಆಮ್ಲಗಳ ಸರ, ಒಂದೊಂದಕ್ಕೂ ಒಂದು ಅಕ್ಷರ; ಆ ಅಕ್ಷರಗಳನ್ನು ಸಾಲಾಗಿ ಕೊಟ್ಟರೆ ಅದು ಹೇಗೆ ಮಡಚಿಕೊಳ್ಳುತ್ತದೆಂದು ಅವನ ಪ್ರೋಗ್ರಾಂ ಊಹಿಸಿ ಚಿತ್ರ ಬಿಡಿಸುತ್ತದೆ. ಖಾತ್ರಿ ಇದ್ದಲ್ಲಿ ನೀಲಿ ಬಣ್ಣ. ಪುಟ್ಟಿಯದನ್ನೂ ಸರಿಯಾದದ್ದನ್ನೂ ಒಂದರ ಮೇಲೊಂದು ಇಟ್ಟರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲವಂತೆ. ಎಲ್ಲವೂ ನೀಲಿ. ಭಾವ ಅದನ್ನು ಫೋನಿಗೆ ಹಾಕಿಸಿಕೊಂಡು ಹೋಗಿದ್ದಾರೆ. ರಕ್ತ ಬೇಡ ಎಂಬ ತೀರ್ಮಾನವೂ ಆಗಿದೆ.

ಬೆಳ್ಳಗಿರುವುದೆಲ್ಲ ಹಾಲಲ್ಲ.

ಮಾರ್ಚ್ 6

ನೀಲಿರಾಯನ ಪಕ್ಕ ಹೋಗಿ ಕೂತೆ. ಎಂಜೈಮಿನ ನಟ್ಟನಡುವೆ, ಕೆಟ್ಟರೆ ಯಾವ ಪ್ರೋಟೀನೂ ತಡೆಯಲಾರದ ಕಡೆ, ಬೇಕೆಂದೇ ಮೂರು ಅಕ್ಷರ ಕೆಡಿಸಿ ಓಡಿಸು ಎಂದೆ. ನಕ್ಕ. ಓಡಿಸಿದ. ಬಂತು — ಅದೇ ಚಿತ್ರ. ಅದೇ ನೀಲಿ. ಅವನ ನಗು ಅಲ್ಲಿಗೇ ನಿಂತಿತು.

ಪ್ರೋಗ್ರಾಂ ಇದೇ ಬಳಗದ ಸಾವಿರಾರು ಪ್ರೋಟೀನು ನೋಡಿ ಕಲಿತದ್ದು, ಒಂದೆರಡು ಅಕ್ಷರ ಕೆಟ್ಟರೆ ಗಮನಿಸುವುದೇ ಇಲ್ಲ ಎಂದ. ಇದನ್ನು ಭಾವನಿಗೆ ಹೇಳಿದ್ದೆಯಾ ಎಂದು ಕೇಳಿದೆ. ಹೇಳಿದ್ದನಂತೆ. ಹೌದಾದರೆ ಭಾವ ಬಚ್ಚಿಟ್ಟಿದ್ದಾರೆ. ಇಲ್ಲವಾದರೆ ಇವನೇ ಸುಳ್ಳ. ಯಾರನ್ನು ನಂಬಲಿ...

ಮಾರ್ಚ್ 9, ಭಾನುವಾರ

ಅಕ್ಕನ ಮನೆ. ವಿಷಯ ತೆಗೆದೆ. ಭಾವ ಟೀವಿಯ ಸದ್ದು ಏರಿಸಿದರು. ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಅವ್ರು ಈಗಷ್ಟೇ ಸ್ವಲ್ಪ ನೆಟ್ಟಗೆ ನಿದ್ದೆ ಮಾಡ್ತಿರೋದು ಕಣೇ. ನಿಂಗೆ ಎಲ್ಲದ್ರಲ್ಲೂ ಹುಳುಕೇ ಕಾಣ್ಸತ್ತೆ."

ಪುಟ್ಟಿ ಗೋಡೆ ಹಿಡಿದು ಹಿಡಿದು ನನ್ನ ಹತ್ತಿರ ಬಂದಳು.

ಏಪ್ರಿಲ್ 2

ಇಲ್ಲೇ ಮಾಡಿ ನೋಡಲು ಲ್ಯಾಬಿನ ಮೇಡಂ ಒಪ್ಪಿದರು. ಎರಡೂ ಎಂಜೈಮನ್ನು ನಾನೇ ತಯಾರಿಸಿದೆ — ಸರಿಯಾದದ್ದು, ಪುಟ್ಟಿಯದು. ಮೈಬಿಸಿಯಷ್ಟು ಶಾಖದಲ್ಲಿಟ್ಟೆ. ಸರಿಯಾದದ್ದು ತಿಳಿಯಾಗಿಯೇ ಇತ್ತು. ಪುಟ್ಟಿಯದು ಮಬ್ಬು, ತಳದಲ್ಲಿ ಗಸಿ — ಮಡಿಕೆ ಬಿಚ್ಚಿ ಕೆಟ್ಟುಹೋದ ಪ್ರೋಟೀನು.

ನನ್ನ ಕೈ ಮೇಲೂ ಅನುಮಾನ. ಮತ್ತೆ ಮಾಡಿದೆ. ಅದೇ ಗಸಿ. ನನ್ನ ಅನುಮಾನ ಸುಳ್ಳಾಗಲಿ ಎಂದು ಬೇಡಿಕೊಂಡದ್ದು ಇದೇ ಮೊದಲು.

ಏಪ್ರಿಲ್ 4

ಭಾವ ಲ್ಯಾಬಿಗೆ ಬಂದರು. ನಾನೇ ಕರೆದದ್ದು. ಜಗಳಕ್ಕೆ ಟೊಂಕ ಕಟ್ಟಿ ನಿಂತಿದ್ದೆ. ಮಬ್ಬು ಟ್ಯೂಬನ್ನು ಕೈಗೆ ತೆಗೆದುಕೊಂಡರು. ಕುಲುಕಿದರು. ಬೆಳಕಿಗೆ ಹಿಡಿದರು. ಮತ್ತೆ ಕುಲುಕಿದರು, ಸಿರಪ್ ಬಾಟಲಿ ಕುಲುಕುವ ಹಾಗೆ. ಗಸಿ ಕರಗಲಿಲ್ಲ.

"ಆ ಹುಡ್ಗ ಹೇಳಿದ್ದ, ಇದನ್ನೇ ನಂಬ್ಕೊಂಡು ಕೂರ್ಬೇಡಿ ಅಂತ. ನಿಮ್ಮಕ್ಕಂಗೆ ನಾನೇ ಹೇಳ್ಲಿಲ್ಲ."

ಬೈಯಲು ಎಷ್ಟೋ ಇತ್ತು. ಟ್ಯೂಬೇ ಕೊನೆಯ ಮಾತಲ್ಲ, ರಕ್ತ ನೋಡಿಯೇ ತಿಳಿಯಬೇಕು ಎಂದಷ್ಟೇ ಹೇಳಿದೆ.

"ಮಗೂನ ನಾನೇ ಹಿಡ್ಕೋತೀನಿ. ನೀನೂ ಬಾ."

ಏಪ್ರಿಲ್ 7

ಒಂದೇ ಸಲಕ್ಕೆ ನರ ಸಿಕ್ಕಿತು. ಪುಟ್ಟಿ ಅಳಲಿಲ್ಲ. ಮುಖ ತೊಳೆದು ಬರುತ್ತೇನೆಂದು ಹೋದ ಭಾವ ಬಹಳ ಹೊತ್ತು ಬರಲಿಲ್ಲ.

ಏಪ್ರಿಲ್ 16

ರಿಪೋರ್ಟ್ ಬಂತು. ಎಂಜೈಮ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಔಷಧಿ ಈ ವಾರವೇ ಶುರು. ಅಕ್ಕ ನನ್ನ ಕೈ ಬಿಡಲೇ ಇಲ್ಲ.

ತಡವಾಯಿತೇ ಎಂದು ಭಾವ ಕೇಳಿದರು. ಇಲ್ಲ, ತಡವಾಗಿಲ್ಲ ಎಂದರು ಡಾಕ್ಟರು. ಫೈಲು ಮುಚ್ಚುತ್ತ ಇನ್ನೊಂದು ಸಲ — ತಡವೇನೂ ಆಗಿಲ್ಲ. ಅಕ್ಕ ಭಾವ ಇಬ್ಬರೂ ನೆಮ್ಮದಿಯ ಉಸಿರು ಬಿಟ್ಟರು. ನಾನು ಡಾಕ್ಟರ ಮುಖವನ್ನೇ ನೋಡುತ್ತಿದ್ದೆ.

ಒಂದು ಸಲ ಹೇಳಿದ್ದರೆ ನಂಬುತ್ತಿದ್ದೆ. ಎರಡನೇ ಸಲ ಯಾಕೆ...