ಕೊಟ್ರಮ್ಮ ಇಳಿದುಕೊಂಡ ಊರುಗಳು

೧೭ ಜನವರಿ ೧೯೦೯, ಭಾನುವಾರ. ದುರ್ಗ

ಚಳಿ ಇಳಿದಿಲ್ಲ. ಪೂಜೆ, ಅಂಬಲಿ, ಎರಡು ಕಾಗದ. ಪೆನ್ಷನ್ ಆದ ಮೇಲೂ ಹಳೆಯ ಶಿಷ್ಯರು ಅರ್ಜಿ ಬರೆಸಲು ಬರುವುದು ತಪ್ಪಿಲ್ಲ.

ನಾಳೆ ಮೊಳಕಾಲ್ಮೂರಿಗೆ ಹೊರಡುವುದು. ಕಿರಿ ಮಗಳು ನೀಲಮ್ಮನ ಮದುವೆಗೆ ರೇಷ್ಮೆ ಸೀರೆ. ಮಗ ಗುರುಸ್ವಾಮಿ ಜೊತೆಗೆ ಬರಬೇಕಿತ್ತು. ಕಾಲು ಉಳುಕಿಸಿಕೊಂಡು ಕೂತಿದ್ದಾನೆ. “ಸೀರೆ ಆರಿಸಾಕೆ ಅವ್ವನೇ ಹೋಗ್ಲಿ” ಎಂದ. ಮನೆಯಾಕೆ ನನ್ನ ಮುಖ ನೋಡಿದಳು. ಹೂಂ ಎಂದೆ. ಮತ್ತೇನು ಹೇಳಲಿ?

ಬಾಣಂತನಕ್ಕೆ ತವರಿಗೆ ಹೋದದ್ದು ಬಿಟ್ಟರೆ ಇವಳು ಹೊರಗೆ ಮಲಗಿದವಳಲ್ಲ. ಇನ್ನು ದಾರಿಯುದ್ದಕ್ಕೂ ಇಳಿದುಕೊಳ್ಳುವ ಜಾಗ, ನೀರು, ಅಡಿಗೆ... ಹೆಂಗಸರ ಜೊತೆ ಪ್ರಯಾಣವೆಂದರೆ ತಾಪತ್ರಯ. ಹಸು, ಹೆಪ್ಪು, ಉಪ್ಪಿನಕಾಯಿ ಜಾಡಿ — ಸಂಜೆಯಿಂದ ಸೊಸೆಗೆ ಹೇಳುತ್ತಲೇ ಇದ್ದಾಳೆ.

೧೮ ಸೋಮವಾರ. ಚಳ್ಳಕೆರೆ, ದೀಪ ಹಚ್ಚುವ ಹೊತ್ತು

ಕಾಟಪ್ಪನ ಗಾಡಿ. ಎತ್ತು ಒಳ್ಳೆಯವು. ಅವನ ಬಾಯಿ ಮಾತ್ರ ನಿಲ್ಲದು.

ಸರ್ಕಾರಿ ಬಂಗಲೆಯಲ್ಲಿ ಇಳಿಯುವ ಎಣಿಕೆ ಇತ್ತು. ಯಾರೋ ಸಾಹೇಬರ ಕ್ಯಾಂಪ್. ಗೇಟಿನ ಜವಾನ ಅಲ್ಲೇ ತಡೆದ.

“ಹೆಡ್‌ಮೇಷ್ಟ್ರು ಸೋಮಶೇಖರಪ್ಪ ಬಂದಿದಾರೆ ಅಂತ ಹೇಳಪ್ಪ,” ಎಂದೆ.

“ಯಾರಾದ್ರೂ ಆಗ್ಲಿ ಸ್ವಾಮಿ. ಸಾಹೇಬ್ರ ನಾಯಿಗೇ ಒಂದು ರೂಮು ಕೊಟ್ಟೈತೆ. ನಿಮಗೆ ಎಲ್ಲಿಂದ ತರ್ಲಿ?”

ಮನೆಯಾಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಸಿಟ್ಟು ಬಂತು. ನುಂಗಿಕೊಂಡೆ.

ಕೊನೆಗೆ ಬಜಾರಿನಲ್ಲಿ ನಿಂಗಕ್ಕನ ಖಾನಾವಳಿ. ನಮ್ಮವರೇ. ಮಹಡಿಯ ಮೇಲೆ ಒಂದು ಕೋಣೆ — ಹಗ್ಗದ ಮಂಚ, ಗೂಡಿನಲ್ಲಿ ಹಣತೆ, ಬೀದಿಗೆ ಒಂದು ಕಿಟಕಿ. ಪಕ್ಕದಲ್ಲೇ ಗಾಣ. ಗೋಡೆಗೂ ಎಣ್ಣೆಯ ವಾಸನೆ.

ಗಂಟು ಇಳಿಸಿದ ಕೂಡಲೇ ಮನೆಯಾಕೆ ಸೆರಗು ಸಿಕ್ಕಿಸಿ ಅಡಿಗೆಮನೆಗೆ ನಡೆದಳು. ನಿಂಗಕ್ಕ ಬಾಗಿಲಿಗೇ ಅಡ್ಡ ನಿಂತಳು.

“ಎಲ್ಲಿಗೆ ತಾಯಿ?”

“ಒಂದೆರಡು ರೊಟ್ಟಿ ತಟ್ಟಿಕೊಡ್ತೀನಿ ಕಣಕ್ಕ. ಸುಮ್ನೆ ಹೆಂಗೆ ಕುಂತ್ಕಳ್ಳಿ?”

“ಕುಂತ್ಕಳಾದು ಬರಲ್ವಾ ನಿಂಗೆ? ಕಲ್ತ್ಕಾ. ಇಲ್ಲಿ ಬಂದೋರು ಉಣ್ತಾರೆ, ನಾನು ಬಡಿಸ್ತೀನಿ. ನಿನ್ನ ಹೆಸ್ರೇನು?”

“ಕೊಟ್ರಮ್ಮ.”

ಬೇರೆ ಗಿರಾಕಿ ಇರಲಿಲ್ಲ. ಇಬ್ಬರಿಗೂ ಎದುರುಬದುರಾಗಿ ತಟ್ಟೆ ಇಟ್ಟಳು. ಇವಳು ಉಣ್ಣುವುದನ್ನು ನಾನು ಕಂಡದ್ದು ಇದೇ ಮೊದಲು. ಮನೆಯಲ್ಲಿ ಎಲ್ಲರದೂ ಆಗಿ, ನಾನು ಮಲಗಿದ ಮೇಲೆ ಅವಳ ಊಟ. ರೊಟ್ಟಿ ಮುರಿದು, ಅವರೆಕಾಳಿನ ಪಲ್ಯ ತುಂಬಿ, ಕಣ್ಣು ಮುಚ್ಚಿ ಅಗಿಯುತ್ತಾಳೆ. “ಇನ್ನೊಂದು ಹಾಕವ್ವ” ಎಂದು ಕೇಳಿ ಹಾಕಿಸಿಕೊಂಡಳು. ನನಗೆ ನನ್ನ ತಟ್ಟೆಯೇ ಮರೆತುಹೋಯಿತು.

೧೯ ಮಂಗಳವಾರ. ಚಳ್ಳಕೆರೆ

ಕೋಳಿ ಕೂಗುವಾಗ ಹೊರಡಬೇಕಿತ್ತು. ಬಿಸಿಲು ಕೋಣೆಗೆ ಬಂದರೂ ಏಳಲಿಲ್ಲ. ಜ್ವರವೇನೋ ಎಂದು ಹಣೆ ಮುಟ್ಟಿದೆ. ಒಂದು ಕಣ್ಣು ಬಿಟ್ಟಳು.

“ಎದ್ದು ಏನ್ ಮಾಡ್ಲಿ ರೀ? ಕಸ ಹೊಡೆಯಂಗಿಲ್ಲ, ಹಾಲು ಕರೆಯಂಗಿಲ್ಲ.”

ಮಗ್ಗುಲು ಬದಲಿಸಿ ಮತ್ತೆ ಮಲಗಿದಳು!

ಆಮೇಲೆ ಕಿಟಕಿ ಹಿಡಿದಳು. ಬೀದಿಯಲ್ಲಿ ಜಟಕಾದ ಸಾಬರೊಬ್ಬರು ಕುದುರೆಯನ್ನು ಓಲೈಸುತ್ತಿದ್ದರು. “ಚಲ್ ಮೇರೆ ರಾಜಾ, ನಿನ್ನ ಕಾಲಿಗೆ ಬೀಳ್ತೀನಿ, ಚಲ್!” ರಾಜ ಕದಲಲಿಲ್ಲ. ನನ್ನನ್ನೂ ಕರೆದು ತೋರಿಸಿದಳು. ಆ ಸಣ್ಣ ಕಿಟಕಿಯಲ್ಲಿ ಇಬ್ಬರ ತಲೆ. ಇಬ್ಬರೂ ನಕ್ಕೆವು. ಹೊತ್ತು ಹೋದದ್ದೇ ತಿಳಿಯಲಿಲ್ಲ — ಕಾಟಪ್ಪ ಕೆಳಗಿನಿಂದ ಕೂಗುತ್ತಿದ್ದಾನೆ.

೨೦ ಬುಧವಾರ. ತಳಕು, ಬೆಳಿಗ್ಗೆ

ಇಲ್ಲಿನ ಛತ್ರದಲ್ಲಿ ತಿಗಣೆ. ಚಾಪೆ ತುಂಬ. ಛತ್ರ ನೋಡಿಕೊಳ್ಳುವ ಯತ್ತಪ್ಪನನ್ನು ಕರೆದು ಗದರಿದೆ. ಅವನು ತಣ್ಣಗೆ, “ಅವು ನಿಮಗಿಂತ ಮುಂಚೆ ಬಂದಿಳಿದೋವು ಸ್ವಾಮಿ. ಏಳ್ರಿ ಅಂತ ಹೆಂಗೆ ಹೇಳ್ಲಿ?” ಎಂದ.

ಚಾಪೆ ಅಲ್ಲೇ ಬಿಟ್ಟು ಹೊರಗೆ ಬಂದೆವು. ಕಾಟಪ್ಪ ಹುಣಸೆಮರದ ಬುಡಕ್ಕೆ ಹುಲ್ಲು ಹಾಸಿದ. ಒಂದೇ ಕಂಬಳಿ. ಮೈ ತುರಿಸಿಕೊಳ್ಳುತ್ತಾ ಕೊಟ್ರಮ್ಮ ನಗುತ್ತಲೇ ನಿದ್ದೆ ಹೋದಳು. ದುರ್ಗದ ಮನೆಯಲ್ಲಿ ಇವಳು ಹೀಗೆ ನಕ್ಕದ್ದು ನೆನಪಿಲ್ಲ. ಅಥವಾ ಅಡಿಗೆಮನೆಯಲ್ಲಿ ನಕ್ಕಿದ್ದರೂ ಪಡಸಾಲೆಯವರೆಗೆ ಕೇಳಿಸಲಿಲ್ಲವೋ...

೨೧ ಗುರುವಾರ. ಮೊಳಕಾಲ್ಮೂರು

ನೇಕಾರ ಮಾರಣ್ಣನ ಮನೆ. ಸೀರೆಗೆ ಬರುವವರಿಗೆಂದೇ ಜಗಲಿಯ ಪಕ್ಕ ಒಂದು ಕೋಣೆ ಇಟ್ಟಿದ್ದಾನೆ. ಚೊಕ್ಕಟ. ನಮ್ಮ ಅಡಿಗೆಗೆ ಹಿತ್ತಲಲ್ಲಿ ಬೇರೆ ಒಲೆ, ಹೊಸ ಮಡಕೆ. ಬೆಳಗಿನಿಂದ ಮಗ್ಗದ ಸದ್ದು.

ಕುಂಕುಮ ಬಣ್ಣದ ಸೀರೆ, ಗಿಣಿಹಸಿರು ಅಂಚು. ಅರ್ಧ ನೇಯ್ದು ಮಗ್ಗದ ಮೇಲೇ ಇದೆ. ಕೊಟ್ರಮ್ಮ ನೋಡಿದವಳೇ ಇದೇ ಎಂದಳು. ಮಗ್ಗದಿಂದ ಇಳಿಯಲು ವಾರ, ಹತ್ತು ದಿನ ಬೇಕಂತೆ. “ರೇಷ್ಮೆ ಸ್ವಾಮಿ, ಅವಸರ ಮಾಡಿದ್ರೆ ಮುನಿಸ್ಕಂತೈತೆ” ಎಂದ ಮಾರಣ್ಣ. ಕಾಯುವುದೆಂದಾಯಿತು.

ಆಶ್ಚರ್ಯ ಇದಲ್ಲ. ಮಾರಣ್ಣನ ಹೆಂಡತಿ ಗೋವಿಂದಮ್ಮ ಸೀರೆ ಚೆನ್ನಾಗಿದೆಯೇ ಎಂದು ತೆಲುಗಿನಲ್ಲಿ ಕೇಳಿದಳು. ನಾನು ಅರ್ಥ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕೊಟ್ರಮ್ಮ, “ಚಾಲಾ ಬಾಗುಂದಿ, ಅಕ್ಕಾ!” ಎಂದಳು. ಹಿಡಿದ ಮಾತು ಊಟದ ಹೊತ್ತಾದರೂ ನಿಲ್ಲಲಿಲ್ಲ.

“ನಿನಗೆ ತೆಲುಗು ಯಾವಾಗ ಬಂತು?”

“ಹತ್ತು ವರ್ಷದ ತನಕ ರಾಯದುರ್ಗದ ಕಡೆ ಅಜ್ಜಿ ಮನೇಲಿ ಬೆಳೆದೋಳಲ್ವೇನ್ರೀ ನಾನು. ಬೀದಿ ತುಂಬಾ ತೆಲುಗೇ. ದುರ್ಗದಾಗೆ ಯಾರ ಜೊತೆ ಆಡ್ಲಿ?”

ಮೂವತ್ತು ವರ್ಷ ಒಂದೇ ಮನೆ. ಗೊತ್ತೇ ಇರಲಿಲ್ಲ.

೨೩ ಶನಿವಾರ

ಹೆಂಗಸರಿಬ್ಬರ ಮಾತಿನ ನಡುವೆ ಕೊಟ್ಟೂರು, ರೈಲು ಎಂದು ಕಿವಿಗೆ ಬಿತ್ತು. ಕೊಟ್ರಮ್ಮನನ್ನು ಕೇಳಿದರೆ ಏನಿಲ್ಲ ಎಂದಳು. ಗೋವಿಂದಮ್ಮ ಬಿಡದೆ ಕನ್ನಡದಲ್ಲೇ ಶುರುಮಾಡಿದಳು.

“ಹೇಳ್ತೀನಿ ಕೇಳ್ರಿ ಮೇಷ್ಟ್ರೇ. ಕೊಟ್ಟೂರಯ್ಯಂಗೆ ಹರಕೆ ಹೊತ್ತು ಹುಟ್ಟಿದ ಮಗು ಇದು. ಕರ್ಕಂಡ್ ಬಂದು ನಿನ್ನ ಪಾದಕ್ಕೆ ಹಾಕ್ತೀನಿ ಅಂದಿದ್ಲಂತೆ ಇವರವ್ವ. ಆಯಮ್ಮ ತೀರ್ಕಂಡ್ಲು. ಹರಕೆ ಅಂಗೇ ಉಳೀತು. ಈಗ ರಾಯದುರ್ಗಕ್ಕೆ ರೈಲೈತೆ, ಕೊಟ್ಟೂರ ತನಕ ಹೋಗ್ಬೋದು. ಸೀರೆ ಇಳಿಯಾ ತನಕ ಇಲ್ಲಿ ಕುಂತು ಏನ್ ಮಾಡ್ತೀರಾ?”

ಆಗದು ಎಂದೆ. ಮನೆಯಲ್ಲಿ ಹೇಳಿ ಬಂದಿಲ್ಲ. ಮಗಳ ಮದುವೆ ಎದುರಿಗಿದೆ. ಗೊತ್ತಿಲ್ಲದ ಊರು, ಗೊತ್ತಿಲ್ಲದ ಜಾಗದಲ್ಲಿ ಇಳಿಯುವುದು.

“ಮದುವೆ ಆಗಲಿ, ಆಮೇಲೆ ನೋಡೋಣ,” ಎಂದೆ ಕೊಟ್ರಮ್ಮನಿಗೆ.

“ಯಾವ ಮದುವೆ ಆದ್ಮೇಲೆ ರೀ? ನಮ್ದು ಆಗಿ ಮೂವತ್ತು ವರ್ಷ ಆತು.”

ಅಷ್ಟೇ. ಎದ್ದು ಹೋಗಿ ಒಲೆ ಹಚ್ಚಿದಳು.

೨೪ ಭಾನುವಾರ

ನಸುಕಿಗೇ ಎದ್ದಿದ್ದಾಳೆ. ಯಾರದೋ ಮನೆಯ ಅಂಗಳ ಗುಡಿಸಿದಳು. ನನಗೆ ಬಡಿಸಿ ಪಕ್ಕದಲ್ಲಿ ನಿಂತಳು. ನೀನೂ ಕೂಡು ಎಂದೆ. “ನಿಮ್ದಾಗ್ಲಿ” ಎಂದಳು. ಮಾತಿನಲ್ಲಿ ಸಿಟ್ಟಿಲ್ಲ. ಇದ್ದಿದ್ದರೆ ಎಷ್ಟೋ ವಾಸಿ.

ಊಟ ರುಚಿಸಲಿಲ್ಲ. ಮಧ್ಯಾಹ್ನ ಕಾಟಪ್ಪನನ್ನು ಹುಡುಕಿಕೊಂಡು ಹೋದೆ.

೨೫ ಸೋಮವಾರ. ಮಧ್ಯಾಹ್ನ

ನಗಬಾರದು, ಆದರೂ ಬರೆಯುತ್ತೇನೆ. ಕೊಟ್ರಮ್ಮ ಬಾವಿಗೆ ಹೋಗಿದ್ದಾಗ ಮುದ್ದೆ ಮಾಡಲು ಕೂತೆ. ನೀರು ಕುದಿಯಿತು, ಹಿಟ್ಟು ಸುರಿದೆ, ತಿರುವಿದೆ. ಗಂಟೋ ಗಂಟು. ಹೊಗೆಗೆ ಕಣ್ಣಲ್ಲಿ ನೀರು. ಮಾರಣ್ಣ ಮಗ್ಗ ಬಿಟ್ಟು ಬಂದ, ಗೋವಿಂದಮ್ಮ ಬಂದಳು, ಬೀದಿಯವರೂ ಇಣುಕಿದರು. “ಸ್ವಾಮಿ, ಕೋಲು ಅಂಗೆ ಹಿಡೀಬೇಡ್ರಿ, ಅದೇನು ಬೆತ್ತನಾ?” ಎಂದ ಮಾರಣ್ಣ.

ಕೊಡ ಹೊತ್ತುಕೊಂಡೇ ಬಾಗಿಲಲ್ಲಿ ನಿಂತುಬಿಟ್ಟಳು ಕೊಟ್ರಮ್ಮ. ತಟ್ಟೆಗೆ ಹಾಕಿ ಮುಂದಿಟ್ಟೆ.

“ಉಣ್ಣು. ನಾಳೆ ರೈಲಿನಲ್ಲಿ ಇದೂ ಸಿಗೋದಿಲ್ಲ.”

ನೋಡಿದಳು. ನನ್ನನ್ನು, ಮುದ್ದೆಯನ್ನು, ಮತ್ತೆ ನನ್ನನ್ನು. ಕೊಡ ಇಳಿಸಿದಳು. ಕೂತಳು. ಒಂದು ತುತ್ತು ಮುರಿದು ನುಂಗಿ, ಮುಖ ಕಿವುಚಿ, “ಶಿವನೇ, ಹಸಿ ಹಿಟ್ಟು!” ಎಂದು ಕೂಗಿ, ನಕ್ಕು, ಅತ್ತು, ಮತ್ತೆ ನಕ್ಕು — ಪೂರ್ತಿ ಉಂಡಳು. ಯಾರಿಗೂ ಕೊಡಲಿಲ್ಲ. ನನಗೂ.

೨೬ ಮಂಗಳವಾರ. ಬಳ್ಳಾರಿ ಸ್ಟೇಷನ್

ಕಾಟಪ್ಪ ರಾಯದುರ್ಗದವರೆಗೆ ಬಿಟ್ಟುಹೋದ. ರೈಲು ಹೊರಟಾಗ ಕೊಟ್ರಮ್ಮ ನನ್ನ ಕೈ ಹಿಡಿದಳು. ಎಲ್ಲರೆದುರಿಗೇ. ಬಿಡಿಸಿಕೊಳ್ಳಲಿಲ್ಲ.

ರಾತ್ರಿಗೆ ಇಲ್ಲಿನ ಮುಸಾಫಿರಖಾನೆ. ಕಲ್ಲಿನ ನೆಲ, ಜನ, ಗಂಟುಮೂಟೆ, ಒಂದು ಆಡು ಕೂಡ. ಬಂಗಲೆಯಲ್ಲಿ ಜಾಗ ಸಿಗಲಿಲ್ಲವೆಂದು ಕುದಿದ ನಾನು ಇಲ್ಲಿ ಆಡಿನ ಪಕ್ಕ ಕಾಲು ಚಾಚಿ ಕೂತು ಮಂಡಕ್ಕಿ ತಿನ್ನುತ್ತಿದ್ದೇನೆ. ರುಚಿಯಾಗಿದೆ.

೨೮ ಗುರುವಾರ. ಕೊಟ್ಟೂರು

ಮಠದವರು ಯಾತ್ರಿಕರಿಗೆ ಕಟ್ಟಿಸಿದ ಮಹಡಿಯಲ್ಲಿ ಒಂದು ಕೋಣೆ ಕೊಟ್ಟರು. ಸ್ನಾನ ಮಾಡಿ ಕೊಟ್ಟೂರಯ್ಯನ ಗದ್ದುಗೆಗೆ ಹೋದೆವು. ಜಾತ್ರೆಯ ದಿನವಲ್ಲ, ನೂಕು ಇಲ್ಲ. ಕೊಟ್ರಮ್ಮ ಕಾಯಿ ಇಟ್ಟು, ಹಣೆ ಮುಟ್ಟಿಸಿ, ನೆರೆಮನೆಯ ಹಿರಿಯರಿಗೆ ಹೇಳುವ ಹಾಗೆ ಹೇಳಿದಳು —

“ಅವ್ವ ಬರಾಕಾಗ್ಲಿಲ್ಲ. ನಾನೇ ಬಂದೀನಿ. ಇವ್ರು ಕರ್ಕಂಡ್ ಬಂದ್ರು.”

ನಾನು ಬೇರೆ ಕಡೆ ತಿರುಗಿ ಛತ್ರಿ ಸರಿಮಾಡಿಕೊಂಡೆ.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. ಸಂಜೆಯ ತನಕ. ಅಜ್ಜಿ ಮನೆಯ ಕಥೆ ಹೇಳಿದಳು. ಬಾವಿಗೆ ಬಿದ್ದದ್ದು, ಹುಣಸೆಕಾಯಿ ಕದ್ದದ್ದು. ತುಂಬ ತುಂಟಿಯಾಗಿದ್ದಳಂತೆ. ನಂಬಿದೆ.

೨೯ ಶುಕ್ರವಾರ. ಕೊಟ್ಟೂರು, ಬೆಳಿಗ್ಗೆ

ಇವತ್ತಿನ ರೈಲು ಹಿಡಿದರೆ ಸೀರೆ ಇಳಿಯುವ ಹೊತ್ತಿಗೆ ಮೊಳಕಾಲ್ಮೂರು. ಅಲ್ಲಿಂದ ನೇರ ದುರ್ಗ. ಕೆಲಸ ಬೆಟ್ಟದಷ್ಟಿದೆ. ಎಲ್ಲವನ್ನೂ ಬಿಡಿಸಿ ಹೇಳಿದೆ. ತಲೆಯಾಡಿಸುತ್ತಾ ಕೇಳಿಸಿಕೊಂಡಳು.

“ಎಂಗೂ ಹೊಸಪೇಟೆ ಮೇಲೇ ಹೋಗ್ತೀವಿ. ಹಂಪಿ ಅಲ್ಲಿಂದ ದೂರೇನ್ರೀ?”

ದೂರ ಎಂದೆ. ಸುಳ್ಳು. ಇಳಿದುಕೊಳ್ಳಲು ಜಾಗವಿಲ್ಲ ಎಂದೆ.

“ಐತೆ. ಪಕ್ಕದ ಕೋಣೆ ಹುಚ್ಚಕ್ಕ ಇಲ್ವಾ, ಅವ್ರ ಅಕ್ಕನ ಮನೆ ಹಂಪಿ ಹತ್ರ ಕಮಲಾಪುರದಾಗೈತಂತೆ. ಬರ್ರಿ ಅಂದವ್ಳೆ.”

ಯಾವಾಗ ವಿಚಾರಿಸಿದಳೋ! ಸಾಧ್ಯವೇ ಇಲ್ಲ. ಮಗಳ ಮದುವೆ ಇಟ್ಟುಕೊಂಡು ಗಂಡ ಹೆಂಡತಿ ಊರೂರು ಸುತ್ತಿದರೆ ಜನ ಏನೆಂದಾರು? ಖಡಾಖಂಡಿತವಾಗಿ ಹೇಳಿಬಿಡಬೇಕು. ಈಗಲೇ...

ಕೆಳಗೆ ಜಟಕಾ ಬಂದು ನಿಂತಿದೆ. ಹುಚ್ಚಕ್ಕ ಹತ್ತಿ ಕೂತಾಯಿತು. ಕೊಟ್ರಮ್ಮನೂ. ನನ್ನ ಗಂಟು ಅವಳ ಮಡಿಲಲ್ಲಿದೆ.

“ಬರ್ರೀ, ಬರೆದಿದ್ದು ಸಾಕು!”

ಬಂದೆ ಎಂದೆ. ಕಮಲಾಪುರದಲ್ಲಿ ಒಂದೇ ರಾತ್ರಿ, ಹೆಚ್ಚೆಂದರೆ ಎರಡು...